ಮಳೆಗಾಲದಲ್ಲಿ ಬೆಳಗಾವಿ ತೋರಿಸುವ ಗೌಂಡಿ ಕಾಕಾ

ಬೆಳಗಾವಿಯ ಹಳೆ ಬಡಾವಣೆಗಳಲ್ಲಿ ಭಾನುವಾರ ಬೆಳಿಗ್ಗೆ ಜನರನ್ನು ನಡೆಸಿಕೊಂಡು ಹೋಗಿ ಮನೆ, ಗುಡಿ, ಕಟ್ಟಡ ತೋರಿಸುವವರೊಬ್ಬರಿದ್ದಾರೆ. ಆಯುಷ್ಯವೆಲ್ಲ ಗೌಂಡಿ ಕೆಲಸ, ಅಂದರೆ ಮನೆ ಕಟ್ಟುವ ಗಾರೆ ಕೆಲಸ, ಮಾಡಿದವರು. ಈಗ ಕರಣೆ ಕೆಳಗಿಟ್ಟಿದ್ದಾರೆ. ಎಲ್ಲರಿಗೂ ಅವರು ಕಾಕಾ. ತಲೆಗೆ 300 ರೂಪಾಯಿ, ಮೂರು ತಾಸಿನ ನಡಿಗೆ, ನಡುವೆ ಒಂದು ಚಹಾ. ಹೋಗಬೇಕಾ ಅಂತ ಕೇಳಿದರೆ, ಹೋಗಿ. ಮಳೆಗಾಲದಲ್ಲೇ ಹೋಗಿ.

ನಾನು ಬ್ಯಾಂಕಿನಲ್ಲಿ ಗೃಹಸಾಲದ ಫೈಲು ನೋಡುವವಳು. ದಿನವಿಡೀ ಕಣ್ಣ ಮುಂದೆ ಮನೆಗಳ ನಕ್ಷೆ. ಎಷ್ಟು ಚದರಡಿ, ಎಷ್ಟು ಬೆಡ್‌ರೂಮು, ಪಾರ್ಕಿಂಗ್ ಇದೆಯೋ ಇಲ್ಲವೋ, ಎಲ್ಲಾ ಅದರಲ್ಲಿರುತ್ತದೆ. ಮಳೆ ನೀರು ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಅನ್ನೋದು ಮಾತ್ರ ಎದ್ದು ಕಾಣುವುದಿಲ್ಲ. ಕಾಕಾ ಶುರು ಮಾಡೋದೇ ಅಲ್ಲಿಂದ. "ಮನಿ ಮಾರಿ ಆಮೇಲೆ ನೋಡೂಣಂತ್ರಿ, ಮೊದಲ ತಲಿ ನೋಡ್ರಿ" ಅನ್ನುತ್ತಾರೆ. ಇತಿಹಾಸ ಹೇಳುವ ಗೈಡ್‌ಗಳು ಬೇಕಾದಷ್ಟು ಜನ ಸಿಗುತ್ತಾರೆ. ಕಟ್ಟಿದ ಕೈಯೇ ಬಂದು ತೋರಿಸುವುದು ಅಪರೂಪ.

ನಡಿಗೆ ಹೊರಡುವುದು ಟಿಳಕವಾಡಿಯ ಎರಡನೇ ರೈಲ್ವೆ ಗೇಟಿನ ಹತ್ತಿರದಿಂದ. ಅಲ್ಲಿನ ಒಳರಸ್ತೆಗಳಲ್ಲಿ ಇನ್ನೂ ಕೆಲವು ಹಂಚಿನ ಮನೆಗಳು ಉಳಿದಿವೆ. ಸುತ್ತ ಅಂಗಳ, ಮಾವಿನ ಮರ, ಮುಂದೆ ಕಟ್ಟಿಗೆಯ ಜಾಳಿ ಹಾಕಿದ ಪಡಸಾಲೆ. ಕಾಕಾ ಚೀಲದಿಂದ ಹಳೆಯ ಮಂಗಳೂರು ಹಂಚೊಂದನ್ನು ತೆಗೆದು ಎಲ್ಲರ ಕೈಗೂ ಕೊಡುತ್ತಾರೆ. ಒಂದು ಬದಿಗೆ ಉದ್ದಕ್ಕೂ ಕೊರೆದ ಕಾಲುವೆ, ಇನ್ನೊಂದು ಬದಿಗೆ ಅದರ ಮೇಲೆ ಕೂರುವ ಅಂಚು. ಹಿಂದೆ ರೀಪಿಗೆ ಸಿಕ್ಕಿಕೊಳ್ಳಲು ಉಬ್ಬು. ಸಿಮೆಂಟಿಲ್ಲ, ಮೊಳೆಯಿಲ್ಲ. ಒಂದು ಒಡೆದರೆ ಅದನ್ನಷ್ಟೇ ಎಳೆದು ಬೇರೆ ಕೂಡಿಸಿದರಾಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಆಮೇಲೆ ಇಂಥ ಹಂಚು ಕರಾವಳಿ ದಾಟಿ ಘಟ್ಟದ ಮೇಲೂ ಹಬ್ಬಿತು. ನಾನು ಬಾಗಲಕೋಟೆ ಕಡೆಯವಳು. ನಮ್ಮಲ್ಲಿ ಮಣ್ಣಿನ ಮಾಳಿಗೆ, ಮೇಲೊಂದು ಬೆಳಕಿಂಡಿ. ಮಳೆ ಕಡಿಮೆ, ಅದಕ್ಕೆ ನಡೆಯುತ್ತದೆ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಸರಿಯಾಗಿ ಬಿಡುವುದಿಲ್ಲ. ಆ ಮಾಳಿಗೆ ಇಲ್ಲಿ ಒಂದು ವರ್ಷವೂ ತಡೆಯುತ್ತಿರಲಿಲ್ಲ.

ಕಾಂಗ್ರೆಸ್ ರಸ್ತೆ, ಕಾಂಗ್ರೆಸ್ ಬಾವಿ, ಗಾಂಧೀಜಿ ಅಧ್ಯಕ್ಷರಾಗಿದ್ದ 1924ರ ಅಧಿವೇಶನ, ಇವೆಲ್ಲ ಬೇಗ ಮುಗಿಯುತ್ತವೆ. ಬೆಳಗಾವಿಯವರಿಗೆ ಅದು ಗೊತ್ತಿರುವ ಕಥೆಯೇ. ಹೊರಗಿನಿಂದ ಬಂದವರಿಗೆ ಇನ್ನೂ ಸ್ವಲ್ಪ ಬೇಕಿತ್ತು ಅನ್ನಿಸಬಹುದು.

ಆದರೆ ಒಂದು ಛಜ್ಜಾದ, ಅಂದರೆ ಗೋಡೆಯಿಂದ ಮುಂಚಾಚಿದ ಸ್ಲ್ಯಾಬಿನ, ಕೆಳಗೆ ಅವರು ನಮ್ಮನ್ನು ಬಹಳ ಹೊತ್ತು ನಿಲ್ಲಿಸಿದರು. ಆರ್‌ಸಿಸಿ ಅನ್ನುವ ಕಬ್ಬಿಣ ಹಾಕಿದ ಕಾಂಕ್ರೀಟು ಹೊಸದಾಗಿ ಬಂದ ಕಾಲದ ಎರಡಂತಸ್ತಿನ ಮನೆ, ಮೂಲೆ ದುಂಡಗಿರುವ ಬಾಲ್ಕನಿ. ಜಿಟಿಜಿಟಿ ಮಳೆ ಇತ್ತು. ಛಜ್ಜಾದ ತಳದಲ್ಲಿ, ಅಂಚಿನಿಂದ ನಾಲ್ಕು ಬೆರಳು ಒಳಗೆ, ಉದ್ದಕ್ಕೂ ಒಂದು ಗೀರು. ಕಿರುಬೆರಳು ಹಿಡಿಸುವಷ್ಟು ಅಗಲ. ಮೇಲಿನಿಂದ ಬಂದ ನೀರು ಅಂಚು ಬಳಸಿ ಸ್ಲ್ಯಾಬಿನ ತಳಕ್ಕೆ ಅಂಟಿಕೊಂಡು ಒಳಗೆ ಹರಿಯುತ್ತದೆ. ಗೀರು ಸಿಕ್ಕ ತಕ್ಷಣ ಮುಂದೆ ಹೋಗಲಾರದೆ ಅಲ್ಲೇ ಹನಿಯಾಗಿ ಉದುರುತ್ತದೆ. ಗೀರಿನ ಆಚೆ ಒದ್ದೆ, ಈಚೆ ಒಣ. ಗೋಡೆಯಲ್ಲಿ ಒಂದು ಕಲೆಯೂ ಇಲ್ಲ. ಪಕ್ಕದ ಹೊಸ ಮನೆಯ ಛಜ್ಜಾಕ್ಕೆ ಆ ಗೀರಿಲ್ಲ. ಕಿಟಕಿಯ ಮೇಲಿನಿಂದ ಕಪ್ಪು ಪಾಚಿ ಗೋಡೆಯುದ್ದಕ್ಕೂ ಇಳಿದಿತ್ತು, ಅತ್ತ ಕಣ್ಣಿನ ಕಾಡಿಗೆಯ ಹಾಗೆ. ಗಿಲಾವು ಹಸಿಯಿದ್ದಾಗ ಒಂದು ಪಟ್ಟಿ ಒತ್ತಿ ಎಳೆದರೆ ಮುಗಿಯುವ ಕೆಲಸವಂತೆ. ಖರ್ಚು ಏನೂ ಇಲ್ಲ. "ಯಾರೂ ಕೇಳಂಗಿಲ್ರಿ, ಅದಕ್ಕ ಯಾರೂ ಮಾಡಂಗಿಲ್ಲ" ಅಂದರು ಕಾಕಾ. ಅವತ್ತಿನಿಂದ ಯಾವ ಮನೆಯ ಮುಂದೆ ನಿಂತರೂ ನನ್ನ ಕಣ್ಣು ಛಜ್ಜಾದ ಕೆಳಗೇ ಹೋಗುತ್ತದೆ.

ಗೋವಾವೇಸ್ ದಾಟಿ ಶಹಾಪುರಕ್ಕೆ ಬಂದರೆ ಊರಿನ ಧಾಟಿಯೇ ಬೇರೆ. ಬೆಳಗಾವಿ ಬ್ರಿಟಿಷರ ಕೈಯಲ್ಲಿದ್ದಾಗ ಶಹಾಪುರ ಸಾಂಗ್ಲಿ ಸಂಸ್ಥಾನದ್ದಾಗಿತ್ತು. ನೇಕಾರರ, ಸೀರೆ ವ್ಯಾಪಾರದ ಪೇಟೆ. ಟಿಳಕವಾಡಿಯ ಅಂಗಳ ಇಲ್ಲಿಲ್ಲ. ಮುಂದೆ ಕಿರಿದು, ಹಿಂದಕ್ಕೆ ಉದ್ದುದ್ದ ಮನೆಗಳು, ಗೋಡೆಗೆ ಗೋಡೆ ತಾಗಿ. ಎರಡು ಮನೆಯ ಇಳಿಜಾರು ಕೂಡುವಲ್ಲಿ ಮಳೆ ನೀರಿಗೆ ತಗಡಿನ ದೋಣಿ. ಇಬ್ಬರ ನೀರೂ ಅದರಲ್ಲೇ ಹರಿಯಬೇಕು, ಅದನ್ನು ಇಬ್ಬರೂ ಸೇರಿಯೇ ಸ್ವಚ್ಛ ಮಾಡಬೇಕು. ಒಂದು ಮನೆ ಕೆಡವಿ ನಾಲ್ಕಂತಸ್ತು ಎದ್ದರೆ ದೋಣಿಯ ಕಥೆ ಮುಗೀತು. ಹಳೆ ಮನೆಯವರ ಗೋಡೆಗೆ ನೀರು ಇಳಿಯಲು ಶುರು. ಅಂಥ ಒಂದು ಮನೆಯ ಕಟ್ಟೆ ಮೇಲೆ ಕೂತಿದ್ದ ಅಜ್ಜಿ ನಮ್ಮನ್ನು ಒಳಗೆ ಕರೆದು ಒದ್ದೆ ಗೋಡೆ ತೋರಿಸಿದರು. ಅಂಗೈಯಿಟ್ಟರೆ ಸುಣ್ಣ ಕೈಗೇ ಬಂತು. ನನಗೆ ನಿಜಕ್ಕೂ ಸಂಕಟವಾಯಿತು. ಹೊಸದು ಕಟ್ಟುವವರು ಕಟ್ಟಲಿ, ಆದರೆ ಪಕ್ಕದವರ ನೀರಿಗೊಂದು ದಾರಿ ಬಿಟ್ಟು ಕಟ್ಟಬೇಕಲ್ವಾ?

ಹೊಸ ಕಟ್ಟಡಗಳನ್ನೆಲ್ಲ ಕಾಕಾ ಸುಮ್ನೆ ಬೈಯುವುದಿಲ್ಲ. ಇದು ನನಗೆ ಜಾಸ್ತಿ ಇಷ್ಟವಾಯಿತು. ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಪತ್ರಾಸ್ ತಗಡು ಹೊದಿಸಿದ ಮನೆಗಳು ಈಗ ಓಣಿಓಣಿಯಲ್ಲಿವೆ. ನೋಡಲು ಚಂದ ಅಲ್ಲ ಅಂತ ನಮ್ಮಲ್ಲೊಬ್ಬರು ಅಂದರು. ಚಪ್ಪಟೆ ತಾರಸಿ ಸೋರಿದ ಮೇಲೆ ಜನ ಮತ್ತೆ ಇಳಿಜಾರಿಗೇ ಬಂದಿದ್ದಾರೆ, ಇದು ಹಂಚಿನ ಮನೆಯ ಬುದ್ಧಿಯೇ ಅನ್ನೋದು ಕಾಕಾ ಉತ್ತರ. ಕೆಳಗೆ ಬಟ್ಟೆ ಒಣಗುತ್ತದೆ, ಹಪ್ಪಳ ಒಣಗುತ್ತದೆ, ಮಕ್ಕಳು ಆಡುತ್ತಾರೆ. ಪೂರ್ತಿ ಗಾಜು ಹೊದಿಸಿದ ಕಾಂಪ್ಲೆಕ್ಸ್‌ಗಳ ಮುಂದೆ ಮಾತ್ರ ಅವರು ನಿಲ್ಲಲಿಲ್ಲ. ಛಜ್ಜಾ ಇಲ್ಲ, ಕಿಟಕಿ ತೆಗೆಯುವ ಹಾಗಿಲ್ಲ. ಅದರ ಬಗ್ಗೆ ನಾನೂ ಅವರ ಪಕ್ಷವೇ.

ಕೋಟೆಯ ಕಡೆಯ ನಡಿಗೆ ಬೇರೆ ಭಾನುವಾರ ಇರುತ್ತದೆ. ಅದನ್ನೂ ಬಿಡಬೇಡಿ. ಈ ಸೀಮೆ ಆಳಿದ ರಟ್ಟ ವಂಶದ ರಾಜ ನಾಲ್ಕನೇ ಕಾರ್ತವೀರ್ಯನ ಮಂತ್ರಿ ಬೀಚಿರಾಜ 1204ರಲ್ಲಿ ಕಟ್ಟಿಸಿದ ಕಮಲ ಬಸದಿ ಅಲ್ಲಿದೆ. ಒಳಗೆ ಹೋದವರೆಲ್ಲ ಕತ್ತೆತ್ತಿ ಛತ್ತಿನ ಕಮಲವನ್ನೇ ನೋಡುತ್ತಾರೆ, ನೋಡಲೇಬೇಕು, ಅಷ್ಟು ಚೆಲುವಾದ ಕೆತ್ತನೆ. ಕಾಕಾ ನಮ್ಮನ್ನು ಮತ್ತೆ ಹೊರಗೆ ಕರೆದು ಮಂಟಪದ ಸುತ್ತ ಮುಂಚಾಚಿದ ಕಲ್ಲಿನ ಸೂರು ತೋರಿಸಿದರು. ಕಮಲ ಕೆತ್ತಿದ ಕೈಗಳು ಮಳೆಯನ್ನೂ ಮರೆತಿರಲಿಲ್ಲ.

ಈಗ ಕೊರತೆಗಳು. ಜನ ಜಾಸ್ತಿಯಾಗುತ್ತಾರೆ. ಹತ್ತು ಜನಕ್ಕೆ ನಿಲ್ಲಿಸಿದರೆ ಒಳ್ಳೆಯದು. ಗೋವಾವೇಸ್ ಸರ್ಕಲ್ ಹತ್ತಿರ ಗಾಡಿಗಳ ಸದ್ದಿಗೆ ಹಿಂದಿದ್ದವರಿಗೆ ಒಂದು ಮಾತೂ ಕೇಳಿಸಲಿಲ್ಲ. ನಡುವೆ ಶೌಚಾಲಯದ ವ್ಯವಸ್ಥೆ ಇಲ್ಲ. ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಮೂರು ತಾಸು ಕಷ್ಟ. ಚಹಾ ಕುಡಿಸುವ ಹೋಟೆಲಿನಲ್ಲಿ ಶೌಚಾಲಯ ಇರುವಂತೆ ನೋಡಿಕೊಂಡರೆ ಸಾಕು. ಕನ್ನಡ, ಮರಾಠಿ ಎರಡರಲ್ಲೂ ಹೇಳುವುದರಿಂದ ಹೊತ್ತು ಹಿಡಿಯುತ್ತದೆ, ಅದು ನನಗೇನೂ ತೊಂದರೆ ಅನ್ನಿಸಲಿಲ್ಲ. ಕೊಡೆಗಿಂತ ರೇನ್‌ಕೋಟು ವಾಸಿ, ಕೈ ಖಾಲಿ ಇರುತ್ತದೆ. ಮನೆ ಕಟ್ಟಿಸಬೇಕು ಅಂತಿರುವವರು ನಕ್ಷೆ ಪಾಸಾಗುವ ಮೊದಲೇ ಹೋಗಿ ಬನ್ನಿ. ಸಾಧ್ಯವಾದರೆ ನಿಮ್ಮ ಗೌಂಡಿಯನ್ನೂ ಕರೆದುಕೊಂಡು ಹೋಗಿ, ಅವರ 300 ರೂಪಾಯಿ ನೀವೇ ಕೊಡಿ.