ಬಾಟಲಿಯ ಬೂದಿ ಗ್ಲೇಜ್, ಕೋನ್ 6ರ ಉರಿ: ಕೊಳ್ಳಬಹುದೇ?

ಗ್ಲೇಜ್ ಎಂದರೆ ಮಣ್ಣಿನ ಪಾತ್ರೆಗೆ ಬಳಿದು ಸುಟ್ಟಾಗ ಗಾಜಾಗುವ ಲೇಪ. ಕೋನ್ ಎಂದರೆ ಸುಡುವ ಗೂಡಿನಲ್ಲಿ (ಕಿಲ್ನ್) ಉರಿಯ ಹದ ತಿಳಿಯಲು ಇಡುವ ಸಣ್ಣ ಶಂಕು, ತನ್ನ ಸಂಖ್ಯೆಗೆ ತಕ್ಕ ಬಿಸಿಗೆ ಅದು ಬಾಗುತ್ತದೆ. ‘ಬೂದಿ’ ಎಂಬ ಹಣೆಪಟ್ಟಿ ಹೊತ್ತು ಬರುವ ಕೋನ್ 6ರ ಗ್ಲೇಜ್‌ಗಳಲ್ಲಿ ಹಲವಕ್ಕೆ ಒಲೆಬೂದಿಯ ಸೋಂಕೇ ಇರುವುದಿಲ್ಲ. ಅದನ್ನು ಮೋಸ ಅನ್ನಬೇಕಿಲ್ಲ. ಕಟ್ಟಿಗೆಯ ಬೂದಿಯಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂನದೇ ದೊಡ್ಡ ಪಾಲು. ಜೊತೆಗೆ ಪೊಟ್ಯಾಸಿಯಂ, ಮೆಗ್ನೀಸಿಯಂ, ತುಸು ರಂಜಕ. ಇವನ್ನೇ ವೈಟಿಂಗ್ (ಸುಣ್ಣದಕಲ್ಲಿನ ಪುಡಿ), ಡಾಲಮೈಟ್, ಮೂಳೆಬೂದಿ, ಕೆಂಪು ಜೇಡಿಯ ರೂಪದಲ್ಲಿ ಕೂಡಿಸಿ, ಬೋರಾನ್ ಸೇರಿಸಿ, ಕರಗುವ ಬಿಸಿಯನ್ನು ಕೆಳಗಿಳಿಸಿರುತ್ತಾರೆ. ನಿಜವಾದ ಬೂದಿ ಮರದಿಂದ ಮರಕ್ಕೆ ಬದಲಾಗುತ್ತದೆ, ಒಂದೇ ಮರದ ತೊಗಟೆಯದು ಒಂದು ತೆರ, ಕಾಂಡದ್ದು ಇನ್ನೊಂದು ತೆರ. ಬಾಟಲಿಯದಕ್ಕೆ ಆ ಚಂಚಲತೆ ಕಡಿಮೆ. ಇನ್ನೊಂದು ಮಾತು: ಬೂದಿ 40, ಫೆಲ್ಡ್‌ಸ್ಪಾರ್ 40, ಜೇಡಿ 20 ಎಂಬ ಹಳೆಯ ಲೆಕ್ಕ ಕೋನ್ 10ರದು, ಅಂದರೆ ಸುಮಾರು 1285ರಿಂದ 1300 ಡಿಗ್ರಿ ಸೆಲ್ಸಿಯಸ್‌ನದು. ಅದನ್ನು ಹಾಗೆಯೇ 1222 ಡಿಗ್ರಿ ಆಸುಪಾಸಿನ ಕೋನ್ 6ಕ್ಕೆ ತಂದರೆ ಮೈ ಒರಟೊರಟಾಗಿ ಉಳಿಯುತ್ತದೆ, ಹರಿಯುವುದಿಲ್ಲ.

ಹಾಗಾಗಿ ಕೊಳ್ಳಬಹುದು. ಆದರೆ ಬಾಟಲಿಯ ಮೇಲಿರುವ ‘ಮೂರು ಕೋಟ್ ಹಚ್ಚಿ’ ಎಂಬ ಸೂಚನೆಯನ್ನು ಪಾತ್ರೆಯ ಮೈತುಂಬ ಪಾಲಿಸಲು ಹೋಗಬೇಡಿ. ಉಳಿದ ಗ್ಲೇಜ್‌ಗಳಿಗೆ ಒಪ್ಪುವ ಈ ಸೂಚನೆ ಇದಕ್ಕೆ ಒಪ್ಪುವುದಿಲ್ಲ.

ಕಾರಣ ಇದು. ಈ ಗ್ಲೇಜ್ ಕೊಳ್ಳುವುದೇ ಭುಜದಿಂದ ಕೆಳಗಿಳಿಯುವ ಸಣ್ಣ ಸಣ್ಣ ಗೆರೆಗಳಿಗಾಗಿ. ಭೂತಗನ್ನಡಿ ಹಿಡಿದು ನೋಡಿದರೆ ಗೆರೆಯ ನಡುವೆ ಜೇನುಬಣ್ಣದ ಗಾಜು, ಅಂಚಿನಲ್ಲಿ ಮಾಸಲು ಹಳದಿ, ತುದಿಯಲ್ಲಿ ಗುಂಡುಸೂಜಿಯ ತಲೆಯಷ್ಟು ದಪ್ಪದ ಹನಿ. ಕ್ಯಾಲ್ಸಿಯಂ ಹೇರಳವಾಗಿದ್ದು ಗಡುಸು ಕೊಡುವ ಅಲ್ಯುಮಿನಾ, ಗಾಜಾಗುವ ಸಿಲಿಕಾ ಕಡಿಮೆಯಿದ್ದರೆ ಕರಗಿದ ಗ್ಲೇಜ್ ನೀರಿನಂತೆ ಓಡುತ್ತದೆ. ಒಂದಕ್ಕೊಂದು ಬೆರೆಯದ ಎರಡು ಗಾಜುಗಳಾಗಿ ಅದು ಬೇರ್ಪಡಲು ರಂಜಕ ನೆರವಾಗುತ್ತದೆ. ತೆಳ್ಳಗೆ ಹಚ್ಚಿದ ಕಡೆ ಹೀಗಾಗುವುದಿಲ್ಲ. ಅಲ್ಲಿ ಗ್ಲೇಜ್ ಅಡಿಯ ಜೇಡಿಯನ್ನೇ ಅಷ್ಟಿಷ್ಟು ಕರಗಿಸಿಕೊಂಡು, ಅದರ ಅಲ್ಯುಮಿನಾದಿಂದ ಗಡುಸಾಗಿ, ತುಕ್ಕಿನ ಕಲೆಯಂತೆ ಇದ್ದಲ್ಲೇ ನಿಂತುಬಿಡುತ್ತದೆ. ‘ಗೆರೆಯೇ ಬರಲಿಲ್ಲ, ಬರೀ ಕಂದು ಬಂತು’ ಎಂಬ ದೂರಿಗೆ ಹೆಚ್ಚಿನ ಸಲ ಇದೇ ಮೂಲ. ‘ಶೆಲ್ಫ್‌ಗೆ ಅಂಟಿಕೊಂಡಿತು’ (ಕಿಲ್ನ್ ಒಳಗೆ ಪಾತ್ರೆ ನಿಲ್ಲಿಸುವ ಹಲಗೆಗೆ) ಎಂಬ ದೂರು ಇದರ ತದ್ವಿರುದ್ಧ: ಗೆರೆ ಬರುವಷ್ಟು ದಪ್ಪವನ್ನು ತಳದವರೆಗೂ ಬಳಿದಿರುತ್ತಾರೆ.

ಒಣಗಿದ ಪದರ ಸುಮಾರು 1 ಮಿಮೀ ಇದ್ದರೆ ಗೆರೆ ಹುಟ್ಟುತ್ತದೆ. ಮೂರು ವಿಸಿಟಿಂಗ್ ಕಾರ್ಡ್ ಒಟ್ಟಿಗೆ ಹಿಡಿದಷ್ಟು. ಸೂಜಿಯಲ್ಲಿ ಗೀರಿ ನೋಡಿ, ಗೀರನ್ನು ಬೆರಳಿನಿಂದ ತೀಡಿ ಮುಚ್ಚಿದರಾಯಿತು. ಈ ದಪ್ಪ ಮೇಲಿನ ಮೂರನೇ ಒಂದು ಭಾಗಕ್ಕೆ ಮಾತ್ರ. ಅದರ ಕೆಳಗಿನ ಮೈಗೆ ಹರಿಯದ ಸ್ವಭಾವದ ಬೇರೊಂದು ಗ್ಲೇಜ್ ಎರಡು ಕೋಟ್ ಇರಲಿ, ಎರಡರ ನಡುವೆ ಎರಡು ಬೆರಳಗಲ ಒಂದರ ಮೇಲೊಂದು ಬರಲಿ. ಚೆಂದದ ಗೆರೆಗಳು ಮೂಡುವುದು ಆ ಪಟ್ಟಿಯಿಂದಲೇ. ತಳದಿಂದ 15 ಮಿಮೀ ಬೋಳು ಬಿಡಿ, ಮೊದಲ ಪ್ರಯೋಗವಾದರೆ 25. ಪಾತ್ರೆಯ ಅಡಿಗೆ ಬಿಸ್ಕ್ ಆದ (ಗ್ಲೇಜ್ ಇಲ್ಲದೆ ಒಮ್ಮೆ ಸುಟ್ಟ) ಜೇಡಿಯ ಬಿಲ್ಲೆ ಇಡಿ. ಗ್ಲೇಜ್ ಅಂಟದಂತೆ ಅದಕ್ಕೆ ಬಳಿಯುವ ಕಿಲ್ನ್ ವಾಶ್‌ಗೆ ಅಲ್ಯುಮಿನಾ ಹೈಡ್ರೇಟ್, ಕೆಯೊಲಿನ್ (ಬಿಳಿ ಜೇಡಿ) ಸಮಪಾಲು ಸಾಕು.

ಆಕಾರವೂ ಒಪ್ಪಬೇಕು. ಎತ್ತರದ ಹೂದಾನಿ, ಹೂಜಿ, ನೇರ ಗೋಡೆಯ ಲೋಟದ ಹೊರಮೈ: ಸರಿ. ತಟ್ಟೆಗೆ ಬೇಡ, ಇಳಿಜಾರಿಲ್ಲದೆ ಗೆರೆಯಿಲ್ಲ, ನಡುವೆ ಮಡುಗಟ್ಟಿ ಬಿರುಕಿನ ಬಲೆ ಮೂಡುತ್ತದೆ. ಅಡ್ಡಡ್ಡ ಕೊರೆದ ಗೀರುಗಳಿದ್ದರೆ ಹರಿದು ಬಂದ ಗ್ಲೇಜ್ ಅಲ್ಲಲ್ಲಿ ತಂಗುತ್ತದೆ, ನೋಡಲೂ ಚೆಂದ, ಶೆಲ್ಫ್‌ಗೂ ಕ್ಷೇಮ. ತಳಕ್ಕಿಂತ ಒಂದೆರಡು ಸೆಂಟಿಮೀಟರ್ ಮೇಲೆ ಒಂದು ಆಳದ ಗೀರು ಎಳೆದಿಟ್ಟರೆ ಅದೇ ಕಟ್ಟೆ. ಜೇಡಿಯ ವಿಚಾರ ಹೆಚ್ಚಿಲ್ಲ: ಬಿಳಿ ಸ್ಟೋನ್‌ವೇರ್ ಮೇಲೆ ಹುಲ್ಲುಹಳದಿ, ಕಬ್ಬಿಣವಿರುವ ಜೇಡಿಯ ಮೇಲೆ ಕಂದು. ವಿದ್ಯುತ್ ಕಿಲ್ನ್‌ನಲ್ಲಿ ಆಮ್ಲಜನಕ ಧಾರಾಳವಾಗಿರುವುದರಿಂದ ಕಬ್ಬಿಣ ಜೇನುಬಣ್ಣದ ಕಡೆಗೇ ವಾಲುತ್ತದೆ. ಚಿತ್ರದಲ್ಲಿ ಕಂಡ ಪಾಚಿಹಸಿರು ಬರಲಿಲ್ಲವೆಂದು ಬೇಸರಿಸಬೇಡಿ, ಅದು ರಿಡಕ್ಷನ್ (ಆಮ್ಲಜನಕ ಕಡಿಮೆಯಿರುವ) ಉರಿಯದೋ ತಾಮ್ರ ಬೆರೆಸಿದ್ದೋ ಇರಬಹುದು.

ಬಾಟಲಿಯೋ ಒಣಪುಡಿಯೋ? ಬಾಟಲಿಯದರಲ್ಲಿ ಅಂಟು ಇರುವುದರಿಂದ ಬ್ರಷ್ ಜಾರುತ್ತದೆ, ಆದರೆ ಪ್ರತಿ ಕೋಟ್ ಪೂರ್ತಿ ಒಣಗುವವರೆಗೆ ಕಾಯಬೇಕು. ಬ್ರಷ್‌ನ ಎಳೆತಗಳ ಏರಿಳಿತ ಈ ಗ್ಲೇಜ್‌ನಲ್ಲಿ ಅಡಗುವುದಿಲ್ಲ, ಗೆರೆಗಳ ಜಾಗವನ್ನೇ ಅದು ನಿರ್ಧರಿಸುತ್ತದೆ. ನಾಲ್ಕೈದು ಪಾತ್ರೆಗಿಂತ ಹೆಚ್ಚಿದ್ದರೆ ಪುಡಿಯೇ ಮೇಲು. ನೀರಿಗೆ ಪುಡಿ ಸುರಿದು (ಪುಡಿಗೆ ನೀರಲ್ಲ), ರಾತ್ರಿಯಿಡೀ ನೆನೆಸಿ, 80 ಮೆಶ್ (ಅಂಗುಲಕ್ಕೆ 80 ಕಣ್ಣು) ಜರಡಿಯಲ್ಲಿ ಎರಡು ಸಲ ಸೋಸಿ. 100 ಮಿಲಿ ಅಳೆದು ತೂಗಿದರೆ 145 ಗ್ರಾಂ ಆಸುಪಾಸು ಬರಲಿ. ಮೂರು ಸೆಕೆಂಡ್ ಅದ್ದಿ ತೆಗೆಯಿರಿ, ಭುಜಕ್ಕೆ ಇನ್ನೊಮ್ಮೆ. ಗರ್ಸ್ಟ್ಲಿ ಬೋರೇಟ್ (ಬೋರಾನ್ ಕೊಡುವ ಒಂದು ಖನಿಜ) ಇರುವ ಮಿಶ್ರಣ ಒಂದೆರಡು ದಿನಕ್ಕೆ ಜೆಲ್ಲಿಯಂತೆ ಹೆಪ್ಪುಗಟ್ಟುತ್ತದೆ. ಆಗ ಕೈ ನೀರಿನ ಚೊಂಬಿಗೆ ಹೋಗುವುದು ಸಹಜ, ತಡೆಯಿರಿ. ಜೋರಾಗಿ ಕದಡಿದರೆ ಸಡಿಲಾಗುತ್ತದೆ. ನೀರು ಹೆಚ್ಚಾದರೆ ಪದರ ಒಣಗುವಾಗ ಕುಗ್ಗಿ ಸೀಳುತ್ತದೆ, ಸೀಳಿದ ಕಡೆ ಬೆಂಕಿಯಲ್ಲಿ ಗ್ಲೇಜ್ ಮುದುಡಿ ಬೋಳು ಜಾಗ ಬಿಡುತ್ತದೆ. ಜೇಡಿಯ ಅಂಶ ಹೆಚ್ಚಿರುವ ಮಿಶ್ರಣಗಳಲ್ಲಿ ಈ ಕಾಟ ಜಾಸ್ತಿ. ಒಣಗಿದ ಪದರದಲ್ಲಿ ಕೂದಲೆಳೆಯ ಸೀಳು ಕಂಡರೆ ಬೆರಳಲ್ಲಿ ಉಜ್ಜಿ ಮುಚ್ಚಿ, ಚಕ್ಕೆ ಏಳುತ್ತಿದ್ದರೆ ತೊಳೆದು ಮತ್ತೆ ಹಚ್ಚುವುದೇ ಸರಿ.

ಉರಿಯ ಹದದಲ್ಲಿ ಕಂಟ್ರೋಲರ್ ಪರದೆಯ ಅಂಕಿಯನ್ನು ನಂಬಿ ಕೂರಬೇಡಿ. ಪ್ರತಿ ಶೆಲ್ಫ್‌ನಲ್ಲೂ 5, 6, 7ರ ಕೋನ್ ನಿಲ್ಲಿಸಿ. 5 ಪೂರ್ತಿ ಮಲಗಿ, 6 ಬಾಗಿ, 7 ನೆಟ್ಟಗಿದ್ದರೆ ಹದ. 7 ತಲೆತಗ್ಗಿಸಿದ್ದರೆ ಬಿಲ್ಲೆಯ ಮೇಲೆ ಗ್ಲೇಜ್‌ನ ಕೆರೆ ಕಾದಿರುತ್ತದೆ. ಕೊನೆಯಲ್ಲಿ 10 ನಿಮಿಷ ತಡೆದು ನಿಲ್ಲಿಸುವುದಾದರೆ ಅದೂ ಉರಿಯ ಲೆಕ್ಕಕ್ಕೆ ಸೇರುತ್ತದೆ, ಗುರಿಯನ್ನು ಒಂದಿಷ್ಟು ಡಿಗ್ರಿ ಇಳಿಸಿಕೊಳ್ಳಿ. ನಿಧಾನವಾಗಿ ಆರಿಸಿದರೆ ಸಣ್ಣ ಹರಳುಗಳು ಬೆಳೆದು ಮೈ ಮಂಕಾಗುತ್ತದೆ, ಬೇಗ ಆರಿದರೆ ಹೊಳಪು.

ಒಳಮೈಗೆ? ಊಟ ತಿಂಡಿಯ ಪಾತ್ರೆಯಾದರೆ ಬೇಡ. ಓಟ ಕೊಡುವ ಅದೇ ಕೊರತೆ, ಅಂದರೆ ಅಲ್ಯುಮಿನಾ, ಸಿಲಿಕಾ ಕಡಿಮೆಯಿರುವುದು, ಹುಳಿಯ ಎದುರು ಇದನ್ನು ದುರ್ಬಲಗೊಳಿಸುತ್ತದೆ. ಒಂದು ತುಣುಕನ್ನು ಅರ್ಧ ಮುಳುಗುವಂತೆ ವಿನೆಗರ್‌ನಲ್ಲಿ 24 ಗಂಟೆ ಇಟ್ಟು ತೊಳೆದು ನೋಡಿ: ಮುಳುಗಿದ ಭಾಗದ ಹೊಳಪೋ ಬಣ್ಣವೋ ಕಳೆದಿದ್ದರೆ ಊಟದ ಪಾತ್ರೆಗೆ ಸಲ್ಲದು, ಅನುಮಾನಕ್ಕೆ ಜಾಗವಿಲ್ಲ. ಕಳೆಯದಿದ್ದರೂ ಸುರಕ್ಷಿತ ಎಂಬ ಪ್ರಮಾಣಪತ್ರ ಅದಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ತಾಮ್ರ ಬೆರೆಸಿದ್ದರಂತೂ ಒಳಗೆ, ತುಟಿ ತಾಗುವ ಅಂಚಿನಲ್ಲಿ ಗಟ್ಟಿಮುಟ್ಟಾದ ಬೇರೆ ಗ್ಲೇಜ್ ಹಾಕಿ, ಬೂದಿಯದನ್ನು ಅಂಚಿನಿಂದ 20 ಮಿಮೀ ಕೆಳಗೆ ಶುರುಮಾಡಿ.

ದೊಡ್ಡ ಬಾಟಲಿಗೆ ಕೈಹಾಕುವ ಮುನ್ನ ಚಿಕ್ಕದು ತಂದು ಪರೀಕ್ಷಿಸಿ. ಮಲಗಿಸಿಟ್ಟು ಸುಟ್ಟ ಪರೀಕ್ಷಾ ಬಿಲ್ಲೆಯಿಂದ ಈ ಗ್ಲೇಜ್‌ನ ಬಗ್ಗೆ ಏನೂ ತಿಳಿಯದು. ಚಕ್ರದ ಮೇಲೆ 10 ಸೆಂಮೀ ಎತ್ತರದ ಕೊಳವೆ ಎತ್ತಿ, ಉದ್ದಕ್ಕೆ ಸೀಳಿ, ಪಾದ ಸಮೇತ ನಿಲ್ಲುವ ತುಂಡುಗಳನ್ನು ಮಾಡಿಕೊಳ್ಳಿ. ಒಂದೇ ತುಂಡಿನ ಮೇಲ್ಭಾಗಕ್ಕೆ ಎಡದಿಂದ ಬಲಕ್ಕೆ ಎರಡು, ಮೂರು, ನಾಲ್ಕು ಕೋಟ್. ಹಿಂಬದಿಯಲ್ಲಿ ಕೋಟ್‌ನ ಎಣಿಕೆ, ಬಾಟಲಿಯ ಬ್ಯಾಚ್ ಸಂಖ್ಯೆ, ಪಕ್ಕದಲ್ಲಿದ್ದ ಕೋನ್ ಎಷ್ಟು ಬಾಗಿತ್ತು ಎಂಬುದನ್ನು ಬರೆದಿಡಿ. ಮುಂದಿನ ಬಾಟಲಿ ತೆರೆದಾಗ ಇನ್ನೊಂದು ತುಂಡು ಸುಟ್ಟು ಇದರ ಪಕ್ಕಕ್ಕೆ ಹಿಡಿದು, ಗೆರೆಗಳು ಎಷ್ಟು ಉದ್ದ ಇಳಿದಿವೆ ಎಂದು ಅಳೆಯಿರಿ.