‘ಅವ್ವನಿಗೆ’ ಎಂದು ಬರೆದೆ, ‘ಅವನಿಗೆ’ ಎಂದು ಅಚ್ಚಾಯಿತು

ಹಣ ಕೊಟ್ಟು ಪುಸ್ತಕ ಮಾಡಿಸಿಕೊಳ್ಳಲು ಹೊರಟಿರುವವರು ಸಹಿ ಹಾಕುವ ಮುನ್ನ ಇದನ್ನೊಮ್ಮೆ ಓದಬೇಕೆಂದು ಕೇಳಿಕೊಳ್ಳುತ್ತೇನೆ. ನನ್ನ ಕೈಯಿಂದ 83,399 ರೂಪಾಯಿ ಹೋಯಿತು. ಅದರ ಜೊತೆಗೆ ಆರು ವರ್ಷ ನಡೆಸಿಕೊಂಡು ಬಂದಿದ್ದ ಬೆಳಗಿನ ಬರವಣಿಗೆಯೂ ನಿಂತುಹೋಯಿತು. ದುಡ್ಡು ಹೋಗಬಹುದು ಎಂದು ಒಬ್ಬಿಬ್ಬರು ಮೊದಲೇ ಹೇಳಿದ್ದರು. ಬರವಣಿಗೆಯೇ ಹೋಗಬಹುದು ಎಂದು ಯಾರೂ ಹೇಳಿರಲಿಲ್ಲ.

ನಾನು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯ ಗುಮಾಸ್ತ. ಸೋಮವಾರ ಮತ್ತು ಗುರುವಾರ ಟೆಂಡರ್. ಹಂಗಾಮಿನಲ್ಲಿ ಆವಕ ಹೆಚ್ಚಿದರೆ ರಾತ್ರಿ ಹತ್ತಾದರೂ ರೈತರ ಪಟ್ಟಿ ಬರೆದು ಮುಗಿಯುವುದಿಲ್ಲ. ನಮ್ಮ ಅವ್ವ ಇದೇ ಊರಿನ ಗೋದಾಮುಗಳಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ನನ್ನನ್ನು ಓದಿಸಿದವಳು. ಅವಳಿಗೆ ಓದಲು ಬರುವುದಿಲ್ಲ.

2016ರ ಯುಗಾದಿಯಿಂದ ಬೆಳಿಗ್ಗೆ ಐದಕ್ಕೆ ಎದ್ದು ಬರೆಯತೊಡಗಿದೆ. ಅಂಗಡಿಯಲ್ಲಿ ಬಳಸದೆ ಉಳಿದಿದ್ದ ಉದ್ದನೆಯ ಕಿರ್ದಿ ಪುಸ್ತಕ, ಒಂದು ಪುಟಕ್ಕೆ ಮೂವತ್ತೆರಡು ಗೆರೆ. ದಿನಕ್ಕೆ ಒಂದೇ ಪುಟ. ಗೆರೆ ಮುಗಿದಲ್ಲಿ ವಾಕ್ಯ ಅರ್ಧಕ್ಕೆ ನಿಂತಿದ್ದರೂ ಪೆನ್ನು ಕೆಳಗಿಡುತ್ತಿದ್ದೆ. ಮರುದಿನ ಆ ಅರ್ಧ ವಾಕ್ಯವೇ ಕೈಹಿಡಿದು ಮುಂದಕ್ಕೆ ಕರೆದೊಯ್ಯುತ್ತಿತ್ತು. ಮಧ್ಯಾಹ್ನ ಮಾರಾಟಕ್ಕಿಟ್ಟ ಮೆಣಸಿನಕಾಯಿಯ ಲಾಟಿನ ಮುಂದೆ ನಿಂತಿರುವಾಗಲೂ ಆ ವಾಕ್ಯ ತಲೆಯಲ್ಲಿ ಇರುತ್ತಿತ್ತು. ಹೀಗೆ ಆರು ವರ್ಷಕ್ಕೆ ಹನ್ನೊಂದು ಕಥೆಗಳಾದವು. ಹಮಾಲರು, ತೊಟ್ಟು ಬಿಡಿಸುವ ಹೆಂಗಸರು, ಧಾರಣೆ ಬಿದ್ದ ದಿನ ಚೀಲದ ಮೇಲೆಯೇ ಮಲಗಿದ ರೈತರು, ಇವರೇ ಅಲ್ಲಿನ ಜನ.

2022ರ ಆಗಸ್ಟ್‌ನಲ್ಲಿ ಮೊಬೈಲಿನಲ್ಲಿ ಒಂದು ಜಾಹೀರಾತು ಕಂಡೆ. ಮೂವತ್ತು ದಿನಗಳಲ್ಲಿ ಪುಸ್ತಕ ಬರೆಯುವ ತರಬೇತಿ, ಶುಲ್ಕ 2,999 ರೂಪಾಯಿ. ಹನ್ನೊಂದು ಕಥೆಗೆ ಆರು ವರ್ಷ ಹಿಡಿದ ನನಗೆ, ಎಲ್ಲೋ ತಪ್ಪುತ್ತಿದ್ದೇನೆ ಎನ್ನಿಸಿತು. ಸೇರಿದೆ. ಅಲ್ಲಿನ ಲೆಕ್ಕ ಸರಳ: ದಿನಕ್ಕೆ 1,000 ಪದ, ಮೂವತ್ತು ದಿನಕ್ಕೆ 30,000 ಪದ, ಅದೇ ಪುಸ್ತಕ. ರಾತ್ರಿ ಹತ್ತರೊಳಗೆ ಆ ದಿನದ ಪದಗಳ ಸಂಖ್ಯೆಯನ್ನು ವಾಟ್ಸಾಪ್ ಗುಂಪಿಗೆ ಹಾಕಬೇಕು. ಹಾಕದವರ ಹೆಸರು ಮರುದಿನ ಕೆಂಪು ಬಣ್ಣದ ಪಟ್ಟಿಯಲ್ಲಿ ಬರುತ್ತಿತ್ತು.

ನಾನು ಹೊಸತು ಬರೆಯುವ ಬದಲು ಹಳೆಯ ಕಥೆಗಳನ್ನೇ ಮೊಬೈಲಿನಲ್ಲಿ ಬೆರಳಚ್ಚು ಮಾಡುತ್ತಾ ಹಿಗ್ಗಿಸತೊಡಗಿದೆ. ಏನಾಯಿತೆಂದು ಒಂದು ಉದಾಹರಣೆ ಕೊಡುತ್ತೇನೆ. ಒಂದು ಕಥೆಯಲ್ಲಿ ಮಗನ ಸುದ್ದಿ ಕೇಳಿದ ಹೆಂಗಸು ತೊಟ್ಟು ಬಿಡಿಸುವುದನ್ನು ನಿಲ್ಲಿಸುತ್ತಾಳೆ. ಕಿರ್ದಿಯಲ್ಲಿ ಇದ್ದದ್ದು ಇಷ್ಟೇ: ‘ಅವಳು ಕೈ ತೊಳೆಯದೆ ಕಣ್ಣು ಒರೆಸಿಕೊಂಡಳು.’ ಮೆಣಸಿನಕಾಯಿಯ ಕೈ ಎಂಥದೆಂದು ಬಲ್ಲವರಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಆ ರಾತ್ರಿ 1,000 ಪದಕ್ಕೆ 240 ಕಡಿಮೆ ಬಿದ್ದಿತ್ತು. ಆ ವಾಕ್ಯದ ಕೆಳಗೆ ಉರಿ ಎಂಥದು, ಏಕೆ ಉರಿಯಿತು, ಆ ಉರಿಗಿಂತ ತಾಯಿಯ ಸಂಕಟ ಎಷ್ಟು ದೊಡ್ಡದು ಎಂದು ಮೂರು ಪ್ಯಾರಾ ಸೇರಿಸಿದೆ. ಗುಂಪಿನಲ್ಲಿ ನನ್ನ ಹೆಸರಿಗೆ ಹಸಿರು ಗುರುತು ಬಂತು. ಆರು ಪುಟದ ಆ ಕಥೆ ಪುಸ್ತಕದಲ್ಲಿ ಹತ್ತು ಪುಟವಾಯಿತು.

ದಿನವೂ ಬರೆಯಬೇಕು ಎಂದು ಹೇಳುವವರೆಲ್ಲ ಒಂದೇ ಮಾತನ್ನು ಹೇಳುತ್ತಿಲ್ಲ. ದಿನವೂ ಬರವಣಿಗೆಯ ಮುಂದೆ ಕೂರುವುದು ಒಂದು, ದಿನವೂ ಇನ್ನೊಬ್ಬರಿಗೆ ಲೆಕ್ಕ ಒಪ್ಪಿಸುವುದು ಇನ್ನೊಂದು. ನನಗೆ ಮೊದಲನೆಯದು ಇತ್ತು. 2,999 ಕೊಟ್ಟು ಎರಡನೆಯದನ್ನು ತಂದುಕೊಂಡೆ.

ತರಬೇತಿ ಮುಗಿದ ಮೂರನೆಯ ದಿನ ಅದೇ ಸಂಸ್ಥೆಯ ಪ್ರಕಾಶನ ವಿಭಾಗದಿಂದ ಕರೆ. ನಿಮ್ಮ ಹಸ್ತಪ್ರತಿಯನ್ನು ಸಂಪಾದಕ ಮಂಡಳಿ ಆಯ್ಕೆ ಮಾಡಿದೆ ಎಂದರು. ಕಳುಹಿಸಿ ಎರಡೇ ದಿನವಾಗಿತ್ತು. ಅಷ್ಟರಲ್ಲಿ ಹನ್ನೊಂದು ಕಥೆಗಳನ್ನು ಒಂದು ಮಂಡಳಿ ಕೂತು ಓದಿತೇ ಎಂದು ನನಗೆ ಆಗ ಹೊಳೆಯಲೇ ಇಲ್ಲ. ಮಾತನಾಡಿದಾತ ನಯವಂತ. ‘ಸರ್, ನೀವು ಹಾವೇರಿ ಜಿಲ್ಲೆಯವರು. ಗಳಗನಾಥರೂ ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ ಮಾರಿದವರಲ್ಲವೇ?’ ಎಂದ. ಆ ಹೆಸರು ಕೇಳಿ ಮನಸ್ಸು ಕರಗಿತು. ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದ ಕಾದಂಬರಿಕಾರ ಗಳಗನಾಥರ ಕಥೆ ಕೇಳಿಯೇ ನಾವು ಬೆಳೆದದ್ದು.

ಆದರೆ ಆ ಹೋಲಿಕೆ ಶುದ್ಧ ಮೋಸ ಎಂದು ಈಗ ಗಟ್ಟಿಯಾಗಿ ಹೇಳುತ್ತೇನೆ. ಗಳಗನಾಥರು ಹೊತ್ತದ್ದು ತಮ್ಮ ಗಂಟು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದ ಶಿವರಾಮ ಕಾರಂತರದ್ದೂ ಸ್ವಂತದ್ದೇ. ನಷ್ಟವಾದರೆ ಅವರದು, ನಾಲ್ಕು ಕಾಸು ಉಳಿದರೆ ಅದೂ ಅವರದು, ಪುಸ್ತಕವಂತೂ ಅವರದೇ. ಸ್ವಪ್ರಕಾಶನ ಎಂದರೆ ಲೇಖಕನೇ ಪ್ರಕಾಶಕ. ದುಡ್ಡೆಲ್ಲ ನನ್ನದಾಗಿ, ಪ್ರಕಾಶಕರ ಜಾಗದಲ್ಲಿ ಇನ್ನೊಬ್ಬರ ಹೆಸರಿದ್ದು, ಹಕ್ಕೂ ಅವರ ಕೈ ಸೇರಿದರೆ ಅದಕ್ಕೆ ಆ ಹೆಸರು ಸಲ್ಲುವುದಿಲ್ಲ.

ಈಗ ಲೆಕ್ಕ ಕೇಳಿ. ಪ್ಯಾಕೇಜ್ 49,000. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ 3,000. ಕೃತಿಸ್ವಾಮ್ಯ ನೋಂದಣಿಗೆ 6,000. ನಮ್ಮ ದೇಶದಲ್ಲಿ ಐಎಸ್‌ಬಿಎನ್ ಉಚಿತ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಅದನ್ನು ಕೊಡುತ್ತದೆ. ಲೇಖಕರೇ ಆನ್‌ಲೈನ್ ಅರ್ಜಿ ಹಾಕಬಹುದು. ಕೃತಿಸ್ವಾಮ್ಯವಂತೂ ಬರೆದ ಕ್ಷಣದಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಮಾಡಿಸಲೇಬೇಕೆಂದರೂ ಸಾಹಿತ್ಯ ಕೃತಿಗೆ ಸರ್ಕಾರಿ ಶುಲ್ಕ 500 ರೂಪಾಯಿ. ನನ್ನಿಂದ 6,000 ತೆಗೆದುಕೊಂಡವರು ಅರ್ಜಿಯನ್ನೇ ಹಾಕಿರಲಿಲ್ಲ.

‘500 ಪ್ರತಿಗಳವರೆಗೆ ಮುದ್ರಣ’ ಎಂದು ಕರಪತ್ರದಲ್ಲಿತ್ತು. ಆ ‘ವರೆಗೆ’ ಎಂಬುದನ್ನು ನಾನು ಗಮನಿಸಲಿಲ್ಲ. ನನಗೆ ಬಂದದ್ದು 50. ಉಳಿದದ್ದು ಯಾರಾದರೂ ಕೊಂಡಾಗ ಮಾತ್ರ ಮುದ್ರಣ. ಬಿಡುಗಡೆಗೆ ಇನ್ನೂ 100 ಬೇಕೆಂದಾಗ ಮುಖಬೆಲೆಯ ಮೇಲೆ ಶೇಕಡಾ 30 ರಿಯಾಯಿತಿ ಕೊಟ್ಟು 22,400 ರೂಪಾಯಿಗೆ ನನ್ನ ಪುಸ್ತಕವನ್ನು ನನಗೇ ಮಾರಿದರು. 144 ಪುಟಕ್ಕೆ 320 ರೂಪಾಯಿ ಬೆಲೆ ಇಟ್ಟದ್ದೂ ಅವರೇ. ಆ ಬೆಲೆ ಕೇಳಿ ಹಾವೇರಿಯ ಅಂಗಡಿಯವರು ಎರಡು ಪ್ರತಿ ಇಟ್ಟುಕೊಳ್ಳಲೂ ಒಪ್ಪಲಿಲ್ಲ. ಗ್ರಂಥಾಲಯಗಳಿಗೆ ಪುಸ್ತಕ ಕೊಳ್ಳುವ, ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಯೋಜನೆಗೆ ಅರ್ಜಿ ಹಾಕಿ ಎಂದರೆ, ಅದು ಪ್ಯಾಕೇಜಿನಲ್ಲಿಲ್ಲ ಎಂಬ ಉತ್ತರ. ಅಲ್ಲಿ ಬೆಲೆ ಪುಟದ ಲೆಕ್ಕದಲ್ಲಿ ನಿಗದಿಯಾಗುತ್ತದೆ. 320ರ ಆಟ ನಡೆಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು ಎಂಬುದು ನನ್ನ ಅನುಮಾನ.

ಇನ್ನು ಕರಡು. ಕನ್ನಡದಲ್ಲಿ ಪುಸ್ತಕ ಮಾಡುವವರೆಲ್ಲ ಈ ಒಂದು ವಿಷಯ ತಿಳಿದಿರಬೇಕು. ನಾವು ಮೊಬೈಲಿನಲ್ಲಿ ಬರೆಯುವುದು ಯುನಿಕೋಡ್. ಪುಟ ಕಟ್ಟುವ ಅನೇಕ ಕಡೆ ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳೇ ಬಳಕೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುತ್ತವೆ. ನನ್ನ ಪುಸ್ತಕದಲ್ಲಿ ‘ವರ್ಷ’, ‘ಅರ್ಧ’, ‘ಮಾರ್ಗ’ ಎಂಬಲ್ಲೆಲ್ಲ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿದಿತ್ತು. ಕರಡು ಬಂದದ್ದು 2023ರ ಜನವರಿಯಲ್ಲಿ, ಒಂದು ಭಾನುವಾರ ರಾತ್ರಿ. ಮರುದಿನ ಟೆಂಡರ್. ಬೆಳಿಗ್ಗೆ ಹತ್ತರೊಳಗೆ ಒಪ್ಪಿಗೆ ಕೊಡದಿದ್ದರೆ ಮುದ್ರಣದ ಸರದಿ ತಪ್ಪಿ ಬಿಡುಗಡೆ ಮುಂದೆ ಹೋಗುತ್ತದೆ ಎಂದು ಹೆದರಿಸಿದರು. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು. ರಾತ್ರಿ ಎರಡರವರೆಗೆ ಮೊಬೈಲಿನಲ್ಲಿ ಅರವತ್ತು ಪುಟ ತಿದ್ದಿ, ಉಳಿದದ್ದನ್ನು ಮೇಲೆ ಮೇಲೆ ನೋಡಿ ‘ಒಪ್ಪಿಗೆ’ ಎಂದು ಕಳುಹಿಸಿದೆ. ಅರ್ಪಣೆಯ ಪುಟ ಆ ಕರಡಿನಲ್ಲಿ ಇರಲೇ ಇಲ್ಲ. ಕೈಯಲ್ಲಿ ಬರೆದು ಫೋಟೊ ಕಳುಹಿಸಿದ್ದೆ, ಆಮೇಲೆ ಸೇರಿಸುತ್ತೇವೆ ಎಂದಿದ್ದರು.

ಪೆಟ್ಟಿಗೆ ಬಂದ ರಾತ್ರಿ ಅವ್ವನಿಗೆ ಮೊದಲ ಪ್ರತಿ ಕೊಟ್ಟೆ. ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ಎಷ್ಟು ತೊಳೆದರೂ ಅವಳ ಬೆರಳಿನ ಸಂದಿಯಲ್ಲಿ ಕೆಂಪು ಹೋಗುವುದಿಲ್ಲ. ‘ಇದರಲ್ಲಿ ನಾನು ಎಲ್ಲಿದ್ದೇನೆ, ತೋರಿಸು’ ಎಂದಳು. ಅರ್ಪಣೆಯ ಪುಟ ತೆರೆದೆ. ‘ತೊಟ್ಟು ಬಿಡಿಸಿ ನನ್ನನ್ನು ಓದಿಸಿದ ಅವನಿಗೆ’ ಎಂದು ಅಚ್ಚಾಗಿತ್ತು. ಒಂದು ಒತ್ತು ಬಿದ್ದುಹೋಗಿ ನಮ್ಮ ಅವ್ವ ಯಾರೋ ಗಂಡಸಾಗಿದ್ದಳು. ಅವಳ ಬೆರಳನ್ನು ಆ ಪದದ ಮೇಲೆಯೇ ಇರಿಸಿ ‘ಇಲ್ಲಿ ನೋಡು, ಅವ್ವನಿಗೆ ಎಂದಿದೆ’ ಎಂದು ಓದಿ ಹೇಳಿದೆ. ಅವಳು ಆ ಪದವನ್ನು ಎರಡು ಸಲ ಸವರಿದಳು. ಅವಳಿಗೆ ಸುಳ್ಳು ಹೇಳಿದ್ದು ನನಗೆ ನೆನಪಿರುವಂತೆ ಅದೊಂದೇ ಸಲ.

ಅವಳು ಮಲಗಿದ ಮೇಲೆ ಕಪ್ಪು ಪೆನ್ನು ಹಿಡಿದು 150 ಪ್ರತಿಗಳಲ್ಲೂ ವ ಅಕ್ಷರದ ಕೆಳಗೆ ಒಂದೊಂದು ಒತ್ತು ಬರೆದೆ. ಮುಗಿಯುವಾಗ ಬೆಳಗಿನ ನಾಲ್ಕು. ಐದಕ್ಕೆ ಕಿರ್ದಿ ತೆರೆಯಲಿಲ್ಲ. ಮರುದಿನವೂ ತೆರೆಯಲಿಲ್ಲ.

ಬಿಡುಗಡೆ ನಡೆಯಿತು, ಹಾರ ಹಾಕಿದರು. ವಾರದ ನಂತರ ನಮ್ಮ ಊರಿನ ನಿವೃತ್ತ ಮೇಷ್ಟ್ರೊಬ್ಬರು ಮನೆಗೆ ಕರೆಸಿಕೊಂಡು, ‘ನೀನು ಮೊದಲು ಓದಿ ತೋರಿಸಿದ್ದ ಕಥೆ ಇದಲ್ಲ. ಎಲ್ಲವನ್ನೂ ವಿವರಿಸಿಬಿಟ್ಟಿದ್ದೀಯ’ ಎಂದರು. ಅವರ ಮಾತು ಸರಿಯಾಗಿಯೇ ಇತ್ತು. ಆಮೇಲೆ ಯಾವಾಗ ಪೆನ್ನು ಹಿಡಿದರೂ ಎರಡು ಸಾಲಿಗೇ ಪದ ಎಣಿಸತೊಡಗುತ್ತಿದ್ದೆ. ಆ ಎಣಿಕೆ ಬಿಟ್ಟುಹೋಗಲು ಒಂದೂವರೆ ವರ್ಷ ಬೇಕಾಯಿತು.

ಒಪ್ಪಂದವನ್ನು ಸರಿಯಾಗಿ ಓದಿದ್ದು ಹದಿನಾಲ್ಕು ತಿಂಗಳ ಮೇಲೆ, ಗೌರವಧನ ಕೇಳಿದಾಗ. ಒಂಬತ್ತು ಪ್ರತಿ ಮಾರಾಟವಾಗಿದೆ, ಪ್ರತಿಗೆ 31ರಂತೆ 279 ರೂಪಾಯಿ ಆಗಿದೆ, 1,000 ದಾಟುವವರೆಗೆ ಪಾವತಿ ಇಲ್ಲ ಎಂದರು. ತಪ್ಪು ತಿದ್ದಿ ಮರುಮುದ್ರಿಸಲು 15,000 ಕೇಳಿದರು. ಹಾಗಾದರೆ ನಾನೇ ಮುದ್ರಿಸಿಕೊಳ್ಳುತ್ತೇನೆ ಎಂದರೆ, ಹತ್ತು ವರ್ಷ, ಎಲ್ಲ ಭಾಷೆಗಳಲ್ಲಿ, ಜಗತ್ತಿನಾದ್ಯಂತ ಹಕ್ಕು ತಮ್ಮದು ಎಂದು ಒಪ್ಪಂದ ತೋರಿಸಿದರು. ಹಾವೇರಿಯ ವಕೀಲರೊಬ್ಬರು 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮನ್ನು ಓದಿ ಹೇಳಿದರು: ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ನಾನು ಎರಡನ್ನೂ ಬರೆದ ಕಾಗದಕ್ಕೆ ಸಹಿ ಹಾಕಿದ್ದೆ. ಕೊನೆಗೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆಂದು ನೋಟಿಸ್ ಕೊಟ್ಟೆವು. ದೂರು ಕೊಡದಿದ್ದರೆ ಹಕ್ಕು ಬಿಡುತ್ತೇವೆ, ಹಣ ಕೇಳಬೇಡಿ ಎಂದರು. ಹಕ್ಕು ತೆಗೆದುಕೊಂಡೆ. ನೀವು ಇಂಥದ್ದರಲ್ಲಿ ಸಿಕ್ಕಿದ್ದರೆ ತಡ ಮಾಡಬೇಡಿ: ದೂರಿಗೆ ಎರಡು ವರ್ಷದ ಗಡುವು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಮೊದಲು 1915 ಸಹಾಯವಾಣಿಗೆ ಕರೆ ಮಾಡಿ.

ಇನ್ನೂ ಸಹಿ ಹಾಕದವರು ಒಪ್ಪಂದವನ್ನು ಒಬ್ಬ ವಕೀಲರಿಗಾದರೂ ತೋರಿಸಿ. ಪುಟ ಕಟ್ಟಿದ ಕಡತ, ಮುಖಪುಟದ ಕಡತ ನಿಮ್ಮ ಕೈಗೆ ಬರುತ್ತದೆಯೇ ಎಂದು ಕೇಳಿ. ಕರಡನ್ನು ಕಾಗದದ ಮೇಲೆ ತೆಗೆಸಿ, ಗಟ್ಟಿಯಾಗಿ ಓದಿ, ಬೇರೆಯವರಿಂದಲೂ ಓದಿಸಿ, ಮೊದಲ ನಾಲ್ಕು ಪುಟಗಳನ್ನೂ ಸೇರಿಸಿ. ಅಚ್ಚಿಗೆ ಮೊದಲು ಬಿಡುಗಡೆಯ ದಿನ ಗೊತ್ತುಮಾಡಲೇಬೇಡಿ. ಚಿಕ್ಕ ವಯಸ್ಸಿನವರು ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಅರ್ಜಿ ಕರೆಯುವುದನ್ನು ಕಾಯಿರಿ. ಅದು ಹಸ್ತಪ್ರತಿಗೆ ಸಿಗುವ ನೆರವು. ಆತುರದಲ್ಲಿ ಅಚ್ಚು ಹಾಕಿಸಿಕೊಂಡರೆ ಕೈತಪ್ಪುತ್ತದೆ.

ಹೋದ ವರ್ಷ ಗದಗಿನ ಒಂದು ಮುದ್ರಣಾಲಯದಲ್ಲಿ ನಾನೇ ಪ್ರಕಾಶಕನಾಗಿ 200 ಪ್ರತಿ ಹಾಕಿಸಿದೆ. ತುಂಬಿಸಿದ್ದನ್ನೆಲ್ಲ ಕಿತ್ತುಹಾಕಿದ ಮೇಲೆ 112 ಪುಟ, ಹದಿನಾರು ಪುಟಕ್ಕೊಂದರಂತೆ ಸರಿಯಾಗಿ ಏಳು ಫಾರಂ. ಡಿಟಿಪಿ, ಮುಖಪುಟ ಎಲ್ಲ ಸೇರಿ 24,000 ರೂಪಾಯಿ. ಬೆಲೆ 150 ಇಟ್ಟಿದ್ದೇನೆ. ಮಾರುಕಟ್ಟೆಯಲ್ಲೇ ನಲವತ್ತು ಪ್ರತಿ ಹೋದವು. ಬೆಳಿಗ್ಗೆ ಐದಕ್ಕೆ ಮತ್ತೆ ಮೂವತ್ತೆರಡು ಗೆರೆ ನಡೆಯುತ್ತಿದೆ.

ಹಳೆಯ ಮುದ್ರಣದ ಆ ಒಂಬತ್ತು ಪ್ರತಿಗಳನ್ನು ಕೊಂಡವರು ಯಾರೆಂದು ನನಗೆ ಗೊತ್ತಿಲ್ಲ. ನಾನು ಪೆನ್ನು ಹಿಡಿದು ತಿದ್ದಲಾಗದ ಪ್ರತಿಗಳು ಅವು ಮಾತ್ರ. ನಿಮ್ಮಲ್ಲಿ ಯಾರಾದರೂ ಅವರಾಗಿದ್ದರೆ ದಯವಿಟ್ಟು ಅರ್ಪಣೆಯ ಪುಟ ತೆರೆದು, ವ ಅಕ್ಷರದ ಕೆಳಗೆ ಒಂದು ಒತ್ತು ಬರೆದುಕೊಳ್ಳಿ.