ಮನೆ ಬಾಗಿಲಿಗೇ ಬಂದು ಗೇರ್‌ಬಾಕ್ಸ್ ಆಯಿಲ್ ಬದಲಾಯಿಸ್ತೀವಿ ಅನ್ನೋರ ಬಗ್ಗೆ ಹುಷಾರು

ಆಟೋಮ್ಯಾಟಿಕ್ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಪೂರ್ತಿ ಓದಿ. ಉಳಿದವರು ಬಿಟ್ಟರೂ ಪರವಾಗಿಲ್ಲ, ಆದರೆ ಮನೆಯಲ್ಲಿ ಯಾರ ಹತ್ತಿರವಾದರೂ ಆಟೋಮ್ಯಾಟಿಕ್ ಇದ್ದರೆ ಅವರಿಗೆ ಕಳಿಸಿ.

"ಡೋರ್‌ಸ್ಟೆಪ್ ಸರ್ವೀಸ್, ಎಟಿಎಫ್ ಫುಲ್ ಫ್ಲಶ್, ನಿಮ್ಮ ಪಾರ್ಕಿಂಗ್‌ನಲ್ಲೇ" ಅಂತ ದಕ್ಷಿಣ ಬೆಂಗಳೂರಿನ ಅಪಾರ್ಟ್‌ಮೆಂಟ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಎಟಿಎಫ್ ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ, ಫುಲ್ ಫ್ಲಶ್ ಅಂದರೆ ಹಳೆಯದನ್ನು ಪೂರ್ತಿ ತೆಗೆದು ಹೊಸದು ತುಂಬೋದು. ನನಗೆ ನಾಮ ಹಾಕಿದ್ದು ಆ ಮೆಸೇಜಿನವರೇ. ಹೆಸರು ಹಾಕುತ್ತಿಲ್ಲ. ಕಂಪ್ಲೇಂಟ್ ಕೊಟ್ಟಿದ್ದೇನೆ, ಅದು ಒಂದು ಕಡೆ ಆಗಲಿ. ಆದರೆ ನಡೆದದ್ದನ್ನು ಒಂದೂ ಬಿಡದೆ ಹೇಳುತ್ತೇನೆ.

ನಮ್ಮದು 2018ರ ವರ್ನಾ. ಪೆಟ್ರೋಲ್, ಸಿಕ್ಸ್ ಸ್ಪೀಡ್ ಟಾರ್ಕ್ ಕನ್ವರ್ಟರ್ ಆಟೋಮ್ಯಾಟಿಕ್, ಅಂದರೆ ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಥರದ್ದು. 80 ಸಾವಿರ ಕಿಲೋಮೀಟರ್ ದಾಟಿದೆ. ಉತ್ತರಹಳ್ಳಿಯಿಂದ ಆಫೀಸಿಗೆ ಹೋಗೋಕೆ ಸಿಲ್ಕ್ ಬೋರ್ಡ್ ದಾಟಲೇಬೇಕು. ಆ ಟ್ರಾಫಿಕ್ಕಿನಲ್ಲಿ ಗೇರ್‌ಬಾಕ್ಸ್ ಎಣ್ಣೆ ಎಷ್ಟು ಕಾಯುತ್ತೆ ಅಂತ ನಿಮಗೇ ಗೊತ್ತು. ಕಾದು ಕಾದು ಎಣ್ಣೆ ಹಾಳಾಗುತ್ತೆ. "ಜೀವಮಾನದ ಎಣ್ಣೆ, ಮುಟ್ಟಬೇಡಿ" ಅನ್ನೋರೂ ಇದ್ದಾರೆ. ಆ ಮಾತು ಖಾಲಿ ಹೈವೇಲಿ ಓಡೋ ಗಾಡಿಗೆ ಸರಿ ಇರಬಹುದು. ಇಲ್ಲಿ ಬದಲಾಯಿಸೋದೇ ವಾಸಿ. ಆ ಅಭಿಪ್ರಾಯ ಈಗಲೂ ಬದಲಾಗಿಲ್ಲ. ಬದಲಾಯಿಸಿದವನ ಬಗ್ಗೆ ಮಾತ್ರ ನನ್ನ ಜಗಳ.

ಸರ್ವೀಸ್ ಸೆಂಟರ್‌ನಲ್ಲಿ ಗಾಡಿ ಬಿಟ್ಟು ಹೋಗಿ ಅಂದರು, ರೇಟೂ ಜಾಸ್ತಿ. ಹಾಗಾಗಿ ಈ ಡೋರ್‌ಸ್ಟೆಪ್‌ನವರಿಗೆ ಫೋನ್ ಮಾಡಿದೆ. ಮಾತು ಅಂದರೆ ಮಾತು. "ಮಷಿನ್ ತರ್ತೀವಿ ಸರ್, ಹಳೇ ಆಯಿಲ್ ಒಂದು ತೊಟ್ಟೂ ಉಳಿಯಲ್ಲ. ಕಂಪನಿ ಆಯಿಲ್ಲೇ ಹಾಕೋದು. ಏಳು ಲೀಟರ್, ಲೇಬರ್ ಎಲ್ಲಾ ಸೇರಿ 8,500." ನಾನು ಕೇಳಿದ್ದು ಒಂದೇ, ಎಸ್‌ಪಿ ಫೋರ್ ತಾನೇ? ಈ ಗಾಡಿಗೆ ಕಂಪನಿ ಹೇಳಿರೋ ಎಣ್ಣೆಯ ನಂಬರ್ ಅದು. ತಕ್ಷಣ ವಾಟ್ಸಾಪಿನಲ್ಲಿ ಕ್ಯಾನಿನ ಫೋಟೋ ಬಂತು. ಅದರ ಮೇಲೆ ರೋಮನ್ ಅಂಕಿ ನಾಲ್ಕು ಚೆನ್ನಾಗಿ ಕಾಣುತ್ತಿತ್ತು. ಅರ್ಧ ದುಡ್ಡು ಮೊದಲೇ ಕಳಿಸಿ ಅಂದ. ಕಳಿಸುವಾಗ ಯುಪಿಐನಲ್ಲಿ ಬಂದ ಹೆಸರು ಅವನದಲ್ಲ, ಅಂಗಡಿಯದೂ ಅಲ್ಲ. "ಅದು ನಮ್ಮ ಬಾಮೈದಂದು ಸರ್." ಸರಿ, ಇವೆಲ್ಲ ನಮ್ಮ ಊರಲ್ಲಿ ಮಾಮೂಲಿ ತಾನೇ.

ಭಾನುವಾರ ಬೆಳಿಗ್ಗೆ ಬಂದ. ಸ್ಕೂಟರಿನಲ್ಲಿ. ಹಿಂದೆ ಒಂದು ರಟ್ಟಿನ ಡಬ್ಬ, ಮುಂದೆ ಟೂಲ್ಸ್ ಚೀಲ. ಮಷಿನ್ ಎಲ್ಲಪ್ಪಾ ಅಂದೆ. "ಅದು ಇನ್ನೊಂದು ಸೈಟಲ್ಲಿ ಇದೆ ಸರ್. ನಿಮ್ಮ ಗಾಡಿಗೆ ಮಷಿನ್ ಬೇಡ. ಡ್ರೈನ್ ಮಾಡಿ ತುಂಬೋದೇ ಒಳ್ಳೇದು, ಪ್ರೆಶರ್ ಕೊಟ್ಟರೆ ಒಳಗಿನ ಕಸ ಎಲ್ಲಾ ಎದ್ದುಬಿಡುತ್ತೆ." ನೋಡಿ, ಇಲ್ಲೇ ಇರೋದು ಇವರ ಚಾಲಾಕಿತನ. ಹೇಳಿದ್ದು ಅರ್ಧ ಸರಿ. ಹಳೇ ಗೇರ್‌ಬಾಕ್ಸಿಗೆ ಮಷಿನ್ ಬೇಡ ಅನ್ನುವ ಒಳ್ಳೇ ಮೆಕ್ಯಾನಿಕ್‌ಗಳೂ ಇದ್ದಾರೆ. ಆದರೆ ಡ್ರೈನ್ ಬೋಲ್ಟ್ ಬಿಚ್ಚಿದರೆ ಅರ್ಧದಷ್ಟು ಎಣ್ಣೆ ಬಂದರೆ ಹೆಚ್ಚು. ಉಳಿದದ್ದು ಟಾರ್ಕ್ ಕನ್ವರ್ಟರ್ ಮತ್ತು ಕೂಲರ್ ಒಳಗೇ ಇರುತ್ತೆ. ಅಂದಮೇಲೆ ಏಳು ಲೀಟರಿನ ದುಡ್ಡು ಯಾಕೆ? ಕೇಳಿದ್ದಕ್ಕೆ "ಲಾಸ್ಟಲ್ಲಿ ಲೆಕ್ಕ ಹಾಕೋಣ ಸರ್" ಅಂದ. ಆ ಲಾಸ್ಟು ಬರಲೇ ಇಲ್ಲ.

ಕೆಲಸ ಹೇಗೆ ಮಾಡಿದ ಅಂತ ಹೇಳುತ್ತೇನೆ ಕೇಳಿ. ನಮ್ಮ ಗಾಡಿಯ ಡಿಕ್ಕಿಯಲ್ಲಿದ್ದ ಜಾಕನ್ನೇ ತೆಗೆದುಕೊಂಡ. ಪಂಚರ್ ಹಾಕೋಕೆ ಅಂತ ಕೊಟ್ಟಿರುವ ಜಾಕು ಅದು. ಸ್ಟ್ಯಾಂಡ್ ಇಲ್ಲ, ಚಕ್ರಕ್ಕೆ ಅಡ್ಡ ಕಲ್ಲೂ ಇಲ್ಲ. ಮುಂದಿನ ಒಂದು ಮೂಲೆ ಎತ್ತಿ ಸೀದಾ ಕೆಳಗೆ ನುಗ್ಗಿದ. ನನ್ನ ಎದೆ ಡವಡವ. ಬೇಡ ಮಾರಾಯ ಅಂತ ನಾನೇ ಹೋಗಿ ಎರಡು ಸಿಮೆಂಟ್ ಇಟ್ಟಿಗೆ ತಂದು ಹಿಂದಿನ ಚಕ್ರಕ್ಕೆ ಕೊಟ್ಟೆ. ಗಾಡಿ ಅವನ ಮೇಲೆ ಬಿದ್ದಿದ್ದರೆ ನಮ್ಮ ಪಾರ್ಕಿಂಗ್‌ನಲ್ಲಿ ಪೊಲೀಸರು ಬಂದು ನಿಲ್ಲುತ್ತಿದ್ದರು, ಅವನ ಬಾಮೈದ ಅಲ್ಲ.

ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚುತ್ತೆ ಅಂತ ಖಾತ್ರಿ ಮಾಡಿಕೊಂಡೇ ಕೆಳಗಿನ ಡ್ರೈನ್ ಬಿಚ್ಚಬೇಕು. ಇದು ಅ ಆ ಇ ಈ. ಇಲ್ಲದಿದ್ದರೆ ಎಣ್ಣೆ ಎಲ್ಲಾ ಸುರಿದ ಮೇಲೆ ತುಂಬೋಕೆ ದಾರಿ ಇರಲ್ಲ. ಅವನು ಮೊದಲು ಕೆಳಗಿನದನ್ನೇ ಬಿಚ್ಚಿದ. ಆಮೇಲೆ ಏರ್ ಫಿಲ್ಟರ್ ಡಬ್ಬ ತೆಗೆದು ಮೇಲಿನದಕ್ಕೆ ಕೈ ಹಾಕಿದರೆ ಅದು ಅಲ್ಲಾಡಲ್ಲ. ಸುತ್ತಿಗೆ ಹೊಡೆತ, ಬೈಗುಳ, ಇನ್ನೊಬ್ಬನಿಗೆ ಫೋನು. ಕೊನೆಗೂ ಬಂತು. ಬೋಲ್ಟಿನ ಮೂಲೆಗಳೆಲ್ಲ ಸವೆದು ಗುಂಡಗಾಗಿದ್ದವು. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಲಿಲ್ಲ. ಹಳೆಯದನ್ನೇ ಪ್ಯಾಂಟಿಗೆ ಒರೆಸಿ ಹಾಕಿದ.

ಅರ್ಧ ಕತ್ತರಿಸಿದ ನೀರಿನ ಕ್ಯಾನಿನಲ್ಲಿ ಹಳೇ ಎಣ್ಣೆ ಹಿಡಿದು ನನ್ನ ಮೂಗಿನ ಹತ್ತಿರ ತಂದ. "ನೋಡಿ ಸರ್, ಡಿಕಾಕ್ಷನ್ ಆಗೋಗಿದೆ. ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಗೇರ್‌ಬಾಕ್ಸೇ ಢಮಾರ್." ಹೊಸದರಲ್ಲಿ ಕೆಂಪಗಿರುವ ಎಣ್ಣೆ ಇಷ್ಟು ಓಡಿದ ಮೇಲೆ ಕಂದು ಆಗೋದು ಸಹಜ. ಸುಟ್ಟ ವಾಸನೆ ಇದ್ದರೆ, ಲೋಹದ ಚೂರು ಇದ್ದರೆ ಹೆದರಬೇಕು. ನಮ್ಮದರಲ್ಲಿ ಎರಡೂ ಇರಲಿಲ್ಲ. ಆದರೂ ಹಾಗೆ ಹೆದರಿಸಿದರೆ ಯಾರಿಗೆ ತಾನೇ ಹೆದರಿಕೆ ಆಗಲ್ಲ? ಒಳಗೆ ಹೋಗಿ ಅವನಿಗೆ ಕಾಫಿ ಮಾಡಿಸಿಕೊಂಡು ಬಂದೆ. ಹೌದು, ಕಾಫಿ. ಇಡ್ಲಿ ಬೇಕಾ ಅಂತಲೂ ಕೇಳಿದೆ. ನೆನೆಸಿಕೊಂಡರೆ ಈಗ ಮೈ ಉರಿಯುತ್ತೆ.

ಕಾಫಿ ತರೋಷ್ಟರಲ್ಲಿ ತುಂಬಿ ಆಗಿತ್ತು! ಕ್ಯಾನುಗಳು ಆಗಲೇ ಡಬ್ಬದೊಳಗೆ, ಡಬ್ಬ ಸ್ಕೂಟರ್ ಮೇಲೆ. ಲೆವೆಲ್ ನೋಡಿದ್ಯಾ ಅಂದೆ. "ಎಷ್ಟು ಬಂತೋ ಅಷ್ಟೇ ಹಾಕಿದ್ದೀನಿ ಸರ್, ಪಕ್ಕಾ." ಗಾಡಿ ಇನ್ನೂ ಜಾಕಿನ ಮೇಲೆ ಒಂದು ಕಡೆ ಎತ್ತಿಕೊಂಡೇ ಇತ್ತು. ಎಂಜಿನ್ ಸ್ಟಾರ್ಟೇ ಮಾಡಿರಲಿಲ್ಲ. ಖಾಲಿ ಕ್ಯಾನ್ ಕೊಟ್ಟು ಹೋಗು ಅಂದರೆ "ಕಂಪನಿಗೆ ವಾಪಸ್ ಕೊಡಬೇಕು ಸರ್." ಬಿಲ್ ಅಂದರೆ "ಜಿಎಸ್‌ಟಿ 18 ಪರ್ಸೆಂಟ್ ಜಾಸ್ತಿ ಆಗುತ್ತೆ, ಸುಮ್ನೆ ಯಾಕೆ." ಉಳಿದ ದುಡ್ಡು ತಗೊಂಡು ಹೊರಟೇ ಹೋದ. ಹೋಗುವಾಗ ಹಳೇ ಎಣ್ಣೆಯನ್ನು ಗೇಟಿನ ಹೊರಗಿನ ಮೋರಿಗೆ ಸುರಿದಿದ್ದಾನೆ ಪುಣ್ಯಾತ್ಮ. ಅದಕ್ಕೆ ಅಸೋಸಿಯೇಷನ್‌ನಿಂದ ನನಗೇ ಬೈಗುಳ.

ಮಾರನೇ ದಿನ ಬೆಳಿಗ್ಗೆ ಗಾಡಿ ತೆಗೆದರೆ ಡಿಗೆ ಹಾಕಿದ ಮೇಲೂ ಗಾಡಿ ಸುಮ್ಮನೆ ನಿಂತಿತ್ತು. ಸ್ವಲ್ಪ ಹೊತ್ತಾದ ಮೇಲೆ ಧಡ್ ಅಂತ ಹಿಡಿಯಿತು. ಬನಶಂಕರಿ ಹತ್ತಿರ ಸಿಗ್ನಲ್ ಬಿಟ್ಟಾಗ ಆಕ್ಸಿಲರೇಟರ್ ಒತ್ತಿದರೆ ಆರ್‌ಪಿಎಂ ಮುಳ್ಳು ಮೇಲೆ ಹೋಗುತ್ತೆ, ಗಾಡಿ ಹೋಗಲ್ಲ. ಹಿಂದೆ ಬಿಎಂಟಿಸಿ ಬಸ್ಸಿನವನು ಹಾರನ್ ಮೇಲಿಂದ ಕೈ ತೆಗೆಯಲೇ ಇಲ್ಲ. ಮೊದಲು ಬೆಣ್ಣೆಯ ಹಾಗೆ ಗೇರ್ ಬದಲಾಗುತ್ತಿದ್ದ ಗಾಡಿ ಇದು.

ಫೋನ್ ಮಾಡಿದೆ. ಇನ್ನು ಅವರ ಉತ್ತರಗಳನ್ನು ಸಾಲಾಗಿ ಕೇಳಿ.

ಮೊದಲನೇ ಸಲ, "ಹೊಸ ಆಯಿಲ್ ಅಲ್ವಾ ಸರ್, ಸೆಟ್ ಆಗೋಕೆ ಸಾವಿರ ಕಿಲೋಮೀಟರ್ ಬೇಕು." ಎಣ್ಣೆ ಏನು ಹೊಸ ಸೊಸೆನಾ, ಮನೆಗೆ ಹೊಂದಿಕೊಳ್ಳೋಕೆ? ಆಮೇಲೆ, "ಓಡಿಸೋ ಸ್ಟೈಲ್ ನೋಡ್ಕೊಳ್ಳಿ ಸರ್, ಆಕ್ಸಿಲರೇಟರ್ ಜಾಸ್ತಿ ಒತ್ತುತ್ತೀರ ಅನ್ಸುತ್ತೆ." ಆಮೇಲೆ ಒಂದು ವಾಯ್ಸ್ ಮೆಸೇಜ್, "ನಿಮ್ಮ ಗೇರ್‌ಬಾಕ್ಸ್ ಮೊದಲೇ ವೀಕ್ ಇತ್ತು, ನಾನು ಅವತ್ತೇ ಹೇಳಿದ್ದೆ ತಾನೇ." ಹೇಳಿರಲಿಲ್ಲ. ಹೇಳಿದ್ದು "ಈಗ ಮಾಡಿಸಿದ್ದು ಒಳ್ಳೇದಾಯ್ತು, ಇನ್ನು ಚಿಂತೆ ಇಲ್ಲ" ಅಂತ.

ಆ ಸಂಜೆ ನಮ್ಮ ಸೆಕ್ಯೂರಿಟಿಯವರು ಒಂದು ಖಾಲಿ ಕ್ಯಾನ್ ತಂದುಕೊಟ್ಟರು. "ಆ ಮೆಕ್ಯಾನಿಕ್ ಬಿಟ್ಟು ಹೋಗಿದ್ದು ಸರ್, ಪಿಲ್ಲರ್ ಹಿಂದೆ ಉರುಳಿತ್ತು." ತಿರುಗಿಸಿ ಲೇಬಲ್ ನೋಡಿದೆ. ಎಸ್‌ಪಿ ಅಂತ ಇದೆ, ಮುಂದೆ ಮೂರು ಗೀಟು. ಫೋನ್ ತೆಗೆದು ಅವನು ಕಳಿಸಿದ್ದ ಫೋಟೋ ನೋಡಿದೆ. ಒಂದು ಗೀಟು, ಪಕ್ಕದಲ್ಲಿ ವಿ. ಮತ್ತೆ ಕ್ಯಾನ್ ನೋಡಿದೆ. ಮೂರು ಗೀಟು. ಬೆರಳಿಟ್ಟು ಎಣಿಸಿದೆ. ಕಾಣೋದೇ ಕಾಣುತ್ತಿದ್ದರೂ ಎಣಿಸಿದೆ! ಎಸ್‌ಪಿ ತ್ರೀ ಹಳೇ ಫೋರ್ ಸ್ಪೀಡ್ ಆಟೋಮ್ಯಾಟಿಕ್ ಕಾಲದ್ದು, ಎಸ್‌ಪಿ ಫೋರ್‌ಗಿಂತ ಗಟ್ಟಿ. ಸಿಕ್ಸ್ ಸ್ಪೀಡಿಗೆ ಕಂಪನಿ ಹೇಳಿರೋದು ಎಸ್‌ಪಿ ಫೋರ್ ಮಾತ್ರ. ಕಿವಿ ಬಿಸಿಯಾಯಿತು. ಸೆಕ್ಯೂರಿಟಿಯವರು ಏನಾಯ್ತು ಸರ್ ಅಂತ ಕೇಳಿದರೆ ಉತ್ತರ ಕೊಡೋಕೂ ನಾಚಿಕೆ. ಹಿಂದಿನ ದಿನ ತಾನೇ ಎರಡನೇ ಮಹಡಿಯವರಿಗೆ ಅವನ ನಂಬರ್ ಕೊಟ್ಟು "ಒಳ್ಳೇ ಹುಡುಗ" ಅಂದಿದ್ದೆ.

ಎರಡೂ ಫೋಟೋ ಕಳಿಸಿದೆ. ಬ್ಲೂ ಟಿಕ್ ಬಂತು. ತುಂಬಾ ಹೊತ್ತು ಟೈಪಿಂಗ್, ಟೈಪಿಂಗ್. ಕೊನೆಗೆ ಬಂದದ್ದು, "ತ್ರೀ ಫೋರ್ ಎಲ್ಲಾ ಒಂದೇ ಸರ್. ಕಂಪನಿಯವರು ನಂಬರ್ ಚೇಂಜ್ ಮಾಡ್ತಾರೆ, ರೇಟ್ ಜಾಸ್ತಿ ಮಾಡೋಕೆ." ಎಲ್ಲಾ ಒಂದೇ ಆದರೆ ಫೋಟೋ ಯಾಕಪ್ಪಾ ಫೋರ್‌ದು ಕಳಿಸಿದೆ? ಅದಕ್ಕೆ ಉತ್ತರ, ಕೈ ಮುಗಿಯುವ ಇಮೋಜಿ. ಅಷ್ಟೇ.

ಗಾಡಿಯನ್ನು ಕಾಮಾಕ್ಷಿಪಾಳ್ಯದ ಕಡೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಮಾಡುವ ಒಬ್ಬರ ಹತ್ತಿರ ಸಾಗಿಸಿದೆ, ಟೋ ಮಾಡಿಸಿಕೊಂಡು. ಕೆಲಸ ಹೇಗಿರಬೇಕು ಅಂತ ಅಲ್ಲಿ ಕಂಡೆ. ನಾಲ್ಕೂ ಚಕ್ರ ಸಮನಾಗಿ ಲಿಫ್ಟ್ ಮೇಲೆ. ಸ್ಕ್ಯಾನರ್ ಚುಚ್ಚಿ ಗೇರ್‌ಬಾಕ್ಸ್ ಎಣ್ಣೆಯ ಶಾಖ ಎಷ್ಟಿದೆ ಅಂತ ಪರದೆಯಲ್ಲಿ ನೋಡುತ್ತಾ ನಿಂತರು. ಎಂಜಿನ್ ಓಡುತ್ತಿರುವಾಗಲೇ ಬ್ರೇಕ್ ಒತ್ತಿ ಪಿ, ಆರ್, ಎನ್, ಡಿ ಎಲ್ಲಾ ಕಡೆ ಲಿವರ್ ಓಡಾಡಿಸಿದರು. ಶಾಖ 50ರಿಂದ 60 ಡಿಗ್ರಿ ಮಧ್ಯೆ ಬಂದಾಗ ಲೆವೆಲ್ ಬೋಲ್ಟ್ ಬಿಚ್ಚಿದರು. ಎಣ್ಣೆ ಸರಿ ಇದ್ದರೆ ಸಣ್ಣ ದಾರದಂತೆ ಹೊರಗೆ ಬರಬೇಕು. ಏನೂ ಬರಲಿಲ್ಲ. ಒಂದು ತೊಟ್ಟೂ ಇಲ್ಲ. ಅವರು ಮೇಲಿಂದ ಹಾಕುತ್ತಾ ಹೋದರು. ಒಂದು ಲೀಟರ್ ಪೂರ್ತಿ ಹೋದ ಮೇಲೂ ತೂತಿನಿಂದ ಏನೂ ಇಲ್ಲ. ನಾನು ಬಗ್ಗಿ ಆ ತೂತನ್ನೇ ನೋಡುತ್ತಾ ನಿಂತಿದ್ದೆ.

"ಮ್ಯಾನ್ಯುಯಲ್ ಗೇರ್‌ಬಾಕ್ಸಿನಲ್ಲಿ ಎಣ್ಣೆ ಇರೋದು ಗೇರು ಸವೆಯದೆ ಇರೋಕೆ. ಇಲ್ಲಿ ಎಣ್ಣೆ ಒತ್ತಡದಿಂದಲೇ ಕ್ಲಚ್ ಹಿಡಿಯಬೇಕು. ಎಣ್ಣೆ ಕಮ್ಮಿ ಆದ್ರೆ ಪಂಪ್ ಗಾಳಿ ಎಳೆಯುತ್ತೆ, ಕ್ಲಚ್ ಜಾರುತ್ತೆ, ಜಾರಿದ್ರೆ ಸುಡುತ್ತೆ" ಅಂದರು. ಜಾಸ್ತಿ ತುಂಬಿದರೂ ಕಷ್ಟವೇ ಅಂತೆ, ಒಳಗೆ ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಮಾಡಿಬಿಡುತ್ತವೆ. ಆಮೇಲೆ ಎಸ್‌ಪಿ ಫೋರ್ ಹಾಕಿ, ಓಡಿಸಿ, ಇಳಿಸಿ, ಮತ್ತೆ ಹಾಕಿ, ಹೀಗೆ ಹಳೆಯದನ್ನು ತೆಳು ಮಾಡುತ್ತಾ ಬಂದರು. ಒಂದೇ ಸಲ ಎಲ್ಲಾ ತೆಗೆಯೋಕೆ ಆಗಲ್ಲವಲ್ಲ. ಸವೆದ ಬೋಲ್ಟಿಗೂ ಹೊಸದು ಬಂತು. ಇದಕ್ಕೆ 12 ಸಾವಿರದ ಹತ್ತಿರ ಆಯಿತು, ಟೋಯಿಂಗ್ ಬೇರೆ. ಜಾರೋದು ನಿಂತಿದೆ. ಬೆಳಗಿನ ತಂಪಿನಲ್ಲಿ ಒಂದು ಸಣ್ಣ ಅದುರು ಮಾತ್ರ ಉಳಿದಿದೆ. ಕ್ಲಚ್ಚಿಗೆ ಎಷ್ಟು ಪೆಟ್ಟಾಗಿದೆ ಅಂತ ಬಿಚ್ಚದೆ ಹೇಳೋಕಾಗಲ್ಲ ಅಂದಿದ್ದಾರೆ.

ಈ ಬಿಲ್ ಡೋರ್‌ಸ್ಟೆಪ್‌ನವರಿಗೆ ಕಳಿಸಿದೆ. ಉತ್ತರ ನೋಡಿ, "ಬೇರೆ ಕಡೆ ಓಪನ್ ಮಾಡಿಸಿದ್ದೀರಲ್ಲ ಸರ್, ಇನ್ನು ನಮ್ಮ ವಾರಂಟಿ ಇಲ್ಲ." ವಾರಂಟಿ! ಬಿಲ್ಲೇ ಕೊಡದವನು ವಾರಂಟಿ ಮಾತಾಡ್ತಾನೆ. ಬಿಡಲಿಲ್ಲ ನಾನು, ಗ್ರೂಪಿಗೆ ಹಾಕುತ್ತೇನೆ ಅಂದೆ. ಆಗ ಧ್ವನಿಯೇ ಬೇರೆ. "ನೆಕ್ಸ್ಟ್ ಸರ್ವೀಸಲ್ಲಿ 500 ಡಿಸ್ಕೌಂಟ್ ಕೊಡ್ತೀವಿ, ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಸರ್." ಇನ್ನೊಂದು ಸಲ ಇವರ ಕೈಗೆ ಗಾಡಿ ಕೊಡಬೇಕಂತೆ, ಅದಕ್ಕೆ ನನಗೇ 500 ರಿಯಾಯಿತಿ. ಮರುದಿನ ಡಿಪಿ ಮಾಯ. ಬ್ಲಾಕ್.

ಮನೆಯಲ್ಲಿ ಮಾಡಿಸೋದೇ ತಪ್ಪು ಅಂತ ನಾನು ಹೇಳಲ್ಲ. ಸಮತಟ್ಟು ಜಾಗ, ಗಟ್ಟಿ ಸ್ಟ್ಯಾಂಡ್, ಶಾಖ ನೋಡೋಕೆ ಸ್ಕ್ಯಾನರ್, ಇಷ್ಟು ತಂದರೆ ಪಾರ್ಕಿಂಗ್‌ನಲ್ಲೇ ಸರಿಯಾಗಿ ಮಾಡಬಹುದು. ಯಾವ ಶಾಖದಲ್ಲಿ ಲೆವೆಲ್ ನೋಡಬೇಕು ಅಂತ ಗಾಡಿಯಿಂದ ಗಾಡಿಗೆ ಬೇರೆ, ಸಿವಿಟಿಗೆ (ಗೇರಿನ ಬದಲು ಬೆಲ್ಟ್ ಇರುವ ಆಟೋಮ್ಯಾಟಿಕ್) ಎಣ್ಣೆಯೇ ಬೇರೆ. ಬರುವವನನ್ನು ಒಂದೇ ಪ್ರಶ್ನೆ ಕೇಳಿ, "ಲೆವೆಲ್ ಎಷ್ಟು ಡಿಗ್ರಿಯಲ್ಲಿ ನೋಡ್ತೀಯಾ?" ತಡವರಿಸಿದರೆ ಗೇಟಿನಿಂದಲೇ ವಾಪಸ್ ಕಳಿಸಿ. ಕ್ಯಾನಿನ ಸೀಲ್ ನಿಮ್ಮ ಕಣ್ಣೆದುರೇ ಒಡೆಯಲಿ. ಖಾಲಿ ಕ್ಯಾನ್ ನೀವೇ ಇಟ್ಟುಕೊಳ್ಳಿ. ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಬೇಡಿ, 18 ಪರ್ಸೆಂಟ್ ಹೋದರೆ ಹೋಗಲಿ. ಕಾಫಿಯಂತೂ ಕೆಲಸ ಮುಗಿಯೋವರೆಗೆ ಬೇಡವೇ ಬೇಡ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಅಲ್ಲಿ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಕ್ಯಾನ್, ಚಾಟ್, ಯುಪಿಐ ರಸೀದಿ, ಎರಡನೇ ಗ್ಯಾರೇಜಿನ ಬಿಲ್ ಎಲ್ಲಾ ಎತ್ತಿಟ್ಟಿದ್ದೇನೆ. ಜಯನಗರ, ಪದ್ಮನಾಭನಗರ, ಕತ್ರಿಗುಪ್ಪೆ ಕಡೆ ಯಾರಿಗಾದರೂ ಸ್ಕೂಟರಿನಲ್ಲಿ ಬಂದು "ಬಾಮೈದನ" ನಂಬರಿಗೆ ದುಡ್ಡು ಹಾಕಿಸಿಕೊಂಡ ಇಂಥದೇ ಅನುಭವ ಆಗಿದ್ದರೆ ನನಗೆ ತಿಳಿಸಿ, ನಿಮ್ಮ ರಸೀದಿಯನ್ನೂ ಸೇರಿಸಿಕೊಂಡು ಹೋಗೋಣ. ಎರಡನೇ ಮಹಡಿಯವರು ಬುಕ್ ಮಾಡಿದ್ದನ್ನು ಕ್ಯಾನ್ಸಲ್ ಮಾಡಿದ್ದಾರೆ. ಅವರು ಕೊಟ್ಟ ಅಡ್ವಾನ್ಸ್ ಮಾತ್ರ ಇನ್ನೂ ವಾಪಸ್ ಬಂದಿಲ್ಲ.